ಸುರಕ್ಷತೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ತೂತು ಮುಚ್ಚುವ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯದನ್ನೇ ಇಟ್ಟುಕೊಂಡರೆ ಕಳ್ಳರು ನುಗ್ಗುತ್ತಾರೆ ಅನ್ನುವ ಭಯ ನಮ್ಮ ಮಲೆನಾಡಿನ ಒಂದು ತಾಲ್ಲೂಕು ಕಚೇರಿಗೂ ತಟ್ಟಿತು. ಹೆಸರು ಬೇಡ. ನೀವು ಯಾವ ತಾಲ್ಲೂಕಿನವರಾದರೂ ಇದು ನಮ್ಮದೇ ಅನ್ನುತ್ತೀರಿ. ಮೇಲಿನಿಂದ ಆದೇಶ ಬಂತು. ಒಂದು ಶನಿವಾರ ಹುಡುಗರು ಬಂದು ಎಲ್ಲ ಕಂಪ್ಯೂಟರಿಗೂ ವಿಂಡೋಸ್ 11 ಹಾಕಿ ಹೋದರು. ಸೋಮವಾರ ನೋಡಿದರೆ ಪರದೆ ಫಳಫಳ. ಪ್ರಿಂಟರ್ ಮಾತ್ರ ಆಫ್‌ಲೈನ್.

ಅದು ಎಲ್ಲಿಗೂ ಹೋಗಿಲ್ಲ. ಮೇಜಿನ ಮೇಲೇ ಇದೆ, ಹಸಿರು ದೀಪ ಉರಿಯುತ್ತಿದೆ. ಆದರೂ ಕೇಳಿದವರಿಗೆಲ್ಲ ಇಲ್ಲ ಅನ್ನಿಸಿಕೊಳ್ಳುತ್ತದೆ. ಈ ವಿದ್ಯೆ ಅದಕ್ಕೆ ಯಾರು ಕಲಿಸಿದರು ಅಂತ ನನ್ನನ್ನು ಕೇಳಬೇಡಿ. ಇಷ್ಟು ವರ್ಷ ಅದು ಕೂತಿದ್ದು ಯಾವ ಕಚೇರಿಯಲ್ಲಿ, ಅಲ್ವಾ?

ಕೌಂಟರಿನಲ್ಲಿ ಒಬ್ಬರು ವಯಸ್ಸಾದ ಹೆಂಗಸು. ಬೆಳೆ ಸಾಲಕ್ಕೆ ಸೊಸೈಟಿಯಲ್ಲಿ ಪಹಣಿ ಕೇಳಿದ್ದಾರೆ.

"ಸರ್ವರ್ ಡೌನ್ ಅಮ್ಮಾ."

"ಎಷ್ಟೊತ್ತಿಗೆ ಏಳ್ತದೆ ಮಾರಾಯಾ? ನಮ್ಮೂರಿಗೆ ಇರೋದೇ ಒಂದು ಬಸ್ಸು."

"ಅದು ಬೆಂಗಳೂರಿನವರಿಗೇ ಗೊತ್ತು."

ಸರ್ವರ್ ಪಾಪ ನೆಟ್ಟಗೇ ಇತ್ತು. ಅವರ ಪಹಣಿ ಪರದೆಯ ಮೇಲೆ ಕಾಣುತ್ತಲೂ ಇತ್ತು, ಸರ್ವೆ ನಂಬರು, ಎಕರೆ, ಗುಂಟೆ, ಅಡಿಕೆ ಸಮೇತ. ಆದರೆ ಪ್ರಿಂಟರ್ ಸಿಗ್ತಾ ಇಲ್ಲ ಅಂದರೆ ತಪ್ಪು ಈ ರೂಮಿನದಾಗುತ್ತದೆ. ಸರ್ವರ್ ಡೌನ್ ಅಂದುಬಿಟ್ಟರೆ ತಪ್ಪು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತದೆ.

ಡಿಜಿಟಲ್ ಸಹಿ ಇದೆಯಲ್ಲ, ಕಾಗದ ಯಾಕೆ ಅಂತ ಕೇಳುವವರು ಸೊಸೈಟಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಪ್ರಿಂಟ್ ಕೇಳುತ್ತಾರೆ, ಪ್ರಿಂಟಿನ ಜೆರಾಕ್ಸ್ ಕೇಳುತ್ತಾರೆ, ಜೆರಾಕ್ಸಿನ ಮೇಲೆ ಇನ್ನೊಂದು ಸಹಿ ಕೇಳುತ್ತಾರೆ.

ಆಗಿದ್ದೇನೂ ದೊಡ್ಡದಲ್ಲ. ಹೊಸ ವಿಂಡೋಸ್ ಆಫೀಸಿನ ನೆಟ್‌ವರ್ಕನ್ನು ಪಬ್ಲಿಕ್ ಅಂತ ಬರೆದುಕೊಂಡಿತ್ತು. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಜೇಬು ಹಿಡಿದುಕೊಂಡು ನಿಂತವರ ಹಾಗೆ ಅದು ಅಕ್ಕಪಕ್ಕದ ಯಂತ್ರಗಳನ್ನು ಮಾತಾಡಿಸುತ್ತಿರಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಪ್ರೈವೇಟ್ ಮಾಡಬೇಕು, ಅಷ್ಟೆ. ಜೊತೆಗೆ ಇಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ಐಪಿ, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, ಕೊಟ್ಟಿರಬಹುದು, ಕಂಪ್ಯೂಟರ್ ಹಳೇ ವಿಳಾಸಕ್ಕೇ ಕಾಗದ ಕಳಿಸುತ್ತಿರುತ್ತದೆ. ಪ್ರಿಂಟರಿಗೆ ಒಂದು ಕಾಯಂ ಐಪಿ ಕೊಟ್ಟು, ಆ ವಿಳಾಸದಿಂದಲೇ (ಇದಕ್ಕೆ ಟಿಸಿಪಿ ಐಪಿ ಪೋರ್ಟ್ ಅನ್ನುತ್ತಾರೆ) ಕಂಪ್ಯೂಟರಿಗೆ ಮತ್ತೆ ಸೇರಿಸಿ, ಪ್ರಿಂಟುಗಳನ್ನು ಸರತಿಯಲ್ಲಿ ನಿಲ್ಲಿಸಿ ಕಳಿಸುವ ಪ್ರಿಂಟ್ ಸ್ಪೂಲರ್ ಅನ್ನುವ ಸರ್ವಿಸನ್ನು ನಿಲ್ಲಿಸಿ ಶುರು ಮಾಡಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಒಂದು ಲೋಟ ಕಾಫಿ ಆರುವಷ್ಟು ಹೊತ್ತು.

ಆದರೆ ಹಾಗೆ ಸೇರಿಸುವಾಗ ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. 2021ರಲ್ಲಿ ಸ್ಪೂಲರಿನಲ್ಲೇ ಪ್ರಿಂಟ್‌ನೈಟ್‌ಮೇರ್ ಎಂಬ ಕಳ್ಳದಾರಿ ಸಿಕ್ಕಿದ ಮೇಲೆ ಈ ಬಿಗಿ ಇನ್ನೂ ಜಾಸ್ತಿಯಾಗಿದೆ. ನ್ಯಾಯವೇ. ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನುವುದು ಪ್ರಶ್ನೆ. ಆಪರೇಟರ್ ಹೊರಗುತ್ತಿಗೆಯವನು, ಅವನಿಗೆ ಕೊಡುವ ಹಾಗಿಲ್ಲ. ಕಂಪ್ಯೂಟರ್ ಒಂದು ಇಲಾಖೆಯದು, ಪ್ರಿಂಟರ್ ಇನ್ಯಾವುದೋ ಯೋಜನೆಯಲ್ಲಿ ಬಂದದ್ದು, ಕೇಬಲ್ ಎಳೆದವನ ಬಿಲ್ಲೇ ಇನ್ನೂ ಪಾಸಾಗಿಲ್ಲ. ಪಾಸ್‌ವರ್ಡ್ ಗೊತ್ತಿರುವ ಎಂಜಿನಿಯರ್ ಶಿವಮೊಗ್ಗದವರು. ಅವರು ಆಗುಂಬೆ ಕಡೆ ಇನ್ನೊಂದು ಪ್ರಿಂಟರ್ ನೋಡಲು ಹೋಗಿದ್ದಾರೆ. ಅಲ್ಲಿ ಸಿಗ್ನಲ್ ಇಲ್ಲ, ಫೋನ್ ಹತ್ತುವುದಿಲ್ಲ.

ಕೊನೆಗೆ ಕೈಹಿಡಿದದ್ದು ರಸ್ತೆಯಾಚೆಯ ಜೆರಾಕ್ಸ್ ಅಂಗಡಿ. ಆಪರೇಟರ್ ಇಲ್ಲಿಂದ ಪಿಡಿಎಫ್ ಅನ್ನು ಅಂಗಡಿಯ ವಾಟ್ಸಾಪಿಗೆ ಬಿಡುತ್ತಾನೆ. ಜನ ರಸ್ತೆ ದಾಟಿ ಹತ್ತು ರೂಪಾಯಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಅಂಗಡಿಯಲ್ಲಿರುವುದು ವಿಂಡೋಸ್ 7. ಅದಕ್ಕೆ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ. ಪ್ರಿಂಟರಿನ ಮುಚ್ಚಳ ಮುರಿದು ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಗುಂಡಿ ಒತ್ತಿದರೆ ಕಾಗದ ಬಂತು. ಪಾಸ್‌ವರ್ಡ್ ಕೇಳುವುದಿಲ್ಲ, ಐಪಿ ಕೇಳುವುದಿಲ್ಲ, ನೀನ್ಯಾರು ಅಂತಲೂ ಕೇಳುವುದಿಲ್ಲ.

ಆ ಕಂಪ್ಯೂಟರಿನ ಡೆಸ್ಕ್‌ಟಾಪನ್ನು ಒಮ್ಮೆ ನೋಡಬೇಕು ನೀವು. ಇಡೀ ತಾಲ್ಲೂಕೇ ಅಲ್ಲಿದೆ. ಯಾರಿಗೆ ಎಷ್ಟು ಗುಂಟೆ, ಯಾರ ಜಾತಿ ಯಾವುದು, ಆದಾಯ ಎಷ್ಟು ತೋರಿಸಿದ್ದಾರೆ, ಆಧಾರಿನ ಎರಡೂ ಬದಿ. ಹಿಂದಿನ ಗಿರಾಕಿಯ ಫೈಲ್ ಅಳಿಸಲು ಹುಡುಗನಿಗೆ ಪುರುಸೊತ್ತಿಲ್ಲ. ಸರತಿಯಲ್ಲಿ ನಿಂತವರು ಸುಮ್ನೆ ಕಣ್ಣಾಡಿಸುತ್ತಾರೆ. ಪಕ್ಕದ ಮನೆಯವರ ತೋಟ ಖಾತೆ ಬದಲಾಗಿದ್ದು ಅವರಿಗೆ ಗೊತ್ತಾಗುವುದೇ ಹೀಗೆ. ಜನರ ದಾಖಲೆಗಳನ್ನು ಕಳ್ಳರಿಂದ ಕಾಪಾಡಲೆಂದು ಶುರುವಾದ ಕೆಲಸ ಇದು, ಮರೆಯಬೇಡಿ.

ಎಂಜಿನಿಯರನ್ನು ಕಳಿಸಿ ಅಂತ ಕಚೇರಿಯಿಂದ ಶಿವಮೊಗ್ಗಕ್ಕೆ ಪತ್ರ ಹೋಯಿತು. ಮೂರು ಪ್ರತಿ. ಪ್ರಿಂಟ್ ಆಗಿದ್ದು ಅದೇ ಅಂಗಡಿಯಲ್ಲಿ, 30 ರೂಪಾಯಿ. ಎಂಜಿನಿಯರ್ ಇನ್ನೂ ಬಂದಿಲ್ಲ, ಆದರೆ ಆ ಬಿಲ್ಲಿಗೆ ಆಕ್ಷೇಪಣೆ ಬಂದಿದೆಯಂತೆ. ಕಚೇರಿಯಲ್ಲಿ ಸುಸ್ಥಿತಿಯಲ್ಲಿರುವ ಪ್ರಿಂಟರ್ ಇದ್ದೂ ಹೊರಗೆ ಪ್ರಿಂಟ್ ಮಾಡಿಸಿದ್ದು ಯಾಕೆ? ವಿವರಣೆಯನ್ನು ಪ್ರಿಂಟ್ ತೆಗೆದು ಎರಡು ಪ್ರತಿಗಳಲ್ಲಿ ಕಳಿಸಬೇಕಂತೆ.