ಓದೋಕೆ ಬಿಡ್ರೀ ಸ್ವಾಮಿ!

ವಿಡಿಯೋ ಗೇಮ್ ಒಳಗಿನ ಪುಸ್ತಕಗಳನ್ನು ಯಾರಾದರೂ ಓದಲಿ ಅಂತಲೇ ಇಟ್ಟಿರುತ್ತಾರಾ? ನಿನ್ನೆ ರಾತ್ರಿ ಒಂದು ಆರ್‌ಪಿಜಿಯಲ್ಲಿ (ನಾವೇ ಒಂದು ಪಾತ್ರವಾಗಿ ಆಡುವ ಗೇಮ್), ಗುಹೆಯೊಳಗೆ ಹೆಣದ ಪಕ್ಕ ಸಿಕ್ಕ ಚೀಟಿ ತೆರೆದೆ. ಆಟ ನಿಲ್ಲಲೇ ಇಲ್ಲ. ಚೀಟಿ ಇಡೀ ಸ್ಕ್ರೀನ್ ಮುಚ್ಚಿಕೊಂಡಿತ್ತು, ಹಿಂದಿನಿಂದ ಅಸ್ಥಿಪಂಜರ ಬಂದು ಕೊಚ್ಚಿ ಹಾಕಿತು. ಅಷ್ಟಕ್ಕೂ ಚೀಟಿಯಲ್ಲಿ ಬರೆದಿದ್ದೇನು? 'ಇಲ್ಲಿಂದ ಓಡಿ.' ಭಾಳ ಉಪಕಾರ ಆಯ್ತು!

ಅಕ್ಷರವೋ, ಇರುವೆ ಸಾಲು. ಕಂದು ಕಾಗದದ ಮೇಲೆ ಕಂದು ಶಾಯಿ, ಅದೂ ಸೊಟ್ಟ ಕೈಬರಹ. ವಿದ್ಯಾನಗರದ ರೂಮಿನಲ್ಲಿ ಗೋಡೆಗೆ ಒರಗಿ ಟಿವಿ ನೋಡುವವನಿಗೆ ಇದು ಕಾಣುತ್ತಾ? ಪುಟಕ್ಕೆ ನಾಲ್ಕೇ ಸಾಲು, ತಿರುಗಿಸಿದಾಗೆಲ್ಲ ಸರ್ ಅಂತ ಸದ್ದು ಬೇರೆ, ಕೈ ತಪ್ಪಿ ಬೇರೆ ಬಟನ್ ಒತ್ತಿದರೆ ಪುಸ್ತಕ ಮುಚ್ಚಿ ಮತ್ತೆ ಮೊದಲ ಪುಟದಿಂದ ಶುರು. ಓದಿದ್ದು ಯಾವುದು, ಓದದ್ದು ಯಾವುದು, ಒಂದು ಗುರುತಾದರೂ ಬೇಡವಾ?

2011ರ ಸ್ಕೈರಿಮ್ ಗೇಮ್‌ನಲ್ಲಂತೂ ಕೆಲವು ಪುಸ್ತಕ ಸುಮ್ನೆ ತೆರೆದರೆ ಸಾಕು, ಒಂದಕ್ಷರ ಓದದಿದ್ದರೂ ನಮ್ಮ ಪಾತ್ರದ ಸ್ಕಿಲ್ ಒಂದು ಹಂತ ಏರುತ್ತದೆ. ಈ ಸೌಲಭ್ಯ ನಮ್ಮ ದಾವಣಗೆರೆಯ ಇಂಜಿನಿಯರಿಂಗ್ ಹುಡುಗರಿಗೆ ಯಾಕಿಲ್ಲ?

ಇದರ ಮಧ್ಯೆ ಮಂಡಕ್ಕಿ-ಮಿರ್ಚಿ ಮೆಲ್ಲುತ್ತಾ ಕೂತ ತಮ್ಮನ ಪ್ರಶ್ನೆ: "ಅಣ್ಣಾ, ಓದೋದಕ್ಕಾ ಗೇಮ್ ಹಾಕಿದ್ದು?"