ಕಂಬದ ಪಕ್ಕದ ಜಾಗ

ಭಾದ್ರಪದದ ಚೌತಿಯಿಂದ ಅನಂತ ಚತುರ್ದಶಿಯವರೆಗಿನ ದಿನಗಳಲ್ಲಿ, ಸಂಜೆ ಎಂಟು ಗಂಟೆ ಹತ್ತಿರವಾಯಿತೆಂದರೆ ನನಗೆ ಇಂದಿಗೂ ಸಣ್ಣದೊಂದು ಸಂಕಟ ಶುರುವಾಗುತ್ತದೆ. ಪುಣೆಯಲ್ಲಿ ನಾವಿರುವ ಹೌಸಿಂಗ್ ಸೊಸೈಟಿಯವರು ಪಾರ್ಕಿಂಗ್ ಜಾಗದ ಒಂದು ಮೂಲೆಗೆ ಪರದೆ ಕಟ್ಟಿ ಗಣಪತಿಯನ್ನು ಕೂರಿಸುತ್ತಾರೆ. ದಿನಕ್ಕೊಂದು ಮನೆಯವರು ಆರತಿಯ ತಟ್ಟೆ ಹಿಡಿಯುತ್ತಾರೆ. ಉಳಿದ ಮೂವತ್ತು ನಲವತ್ತು ಜನ ಅರ್ಧವರ್ತುಲವಾಗಿ ನಿಂತು, ತಾಳ ಬಡಿಯುತ್ತ, ಚಪ್ಪಾಳೆ ತಟ್ಟುತ್ತ, ಒಂದಾದ ಮೇಲೊಂದು ಐದಾರು ಆರತಿಗಳನ್ನು ಗಂಟಲು ಬಿಚ್ಚಿ ಹಾಡುತ್ತಾರೆ. ನಾನೂ ನಿಂತಿರುತ್ತೇನೆ. ಚಪ್ಪಾಳೆ ತಟ್ಟುತ್ತೇನೆ, ತುಟಿ ಅಲ್ಲಾಡಿಸುತ್ತೇನೆ, ಸಾಲಿನ ಕೊನೆಯ ಅಕ್ಷರ ಬಂದಾಗ ಮಾತ್ರ ದನಿ ಸೇರಿಸಿ ಇಡೀ ಸಾಲನ್ನು ಹಾಡಿದವನ ಮುಖ ಮಾಡುತ್ತೇನೆ. ಈ ಊರಿಗೆ ಬಂದು 19 ವರ್ಷಗಳಾದವು. ಮರಾಠಿಯಲ್ಲಿ ವ್ಯವಹರಿಸುತ್ತೇನೆ, ಜಗಳವನ್ನೂ ಆಡಬಲ್ಲೆ. ಆದರೆ ಆ ಅರ್ಧವರ್ತುಲದಲ್ಲಿ ಮೈಚಳಿ ಬಿಟ್ಟು ನಿಲ್ಲುವುದು ಮಾತ್ರ ಇನ್ನೂ ಕೈಗೂಡಿಲ್ಲ.

ಮೊದಲ ವರ್ಷದ ಎಡವಟ್ಟನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಆರತಿಗಳೆಲ್ಲ ಮುಗಿದ ಮೇಲೆ ‘ಘಾಲೀನ ಲೋಟಾಂಗಣ’ ಎಂದು ಆರಂಭವಾಗುವ ಪದವೊಂದು ಬರುತ್ತದೆ. ನಿನ್ನ ಮುಂದೆ ಉರುಳಿ ಪಾದಕ್ಕೆ ನಮಿಸುತ್ತೇನೆ ಎಂಬ ಅರ್ಥದ ಆ ಪದಕ್ಕೆ ಎಲ್ಲರೂ ನಿಂತಲ್ಲಿಯೇ ಒಂದು ಸುತ್ತು ತಿರುಗುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಎಲ್ಲರ ಬೆನ್ನೂ ದೇವರ ಕಡೆಗಾದ ಕ್ಷಣದಲ್ಲಿ ನಾನೊಬ್ಬನೇ ದೇವರನ್ನು ನೋಡುತ್ತ ನಿಂತಿದ್ದೆ; ತಪ್ಪು ತಿಳಿದು ಗಡಿಬಿಡಿಯಿಂದ ತಿರುಗುವಷ್ಟರಲ್ಲಿ ಅವರು ಸುತ್ತು ಮುಗಿಸಿದ್ದರು, ನಾನು ಎರಡನೆಯ ಮಹಡಿಯ ಅಜ್ಜಿಯೊಬ್ಬರ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆ. ಅವರು ನಕ್ಕರು. ಒಳ್ಳೆಯ ನಗುವೇ, ಆದರೆ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆತ್ಮಪ್ರದಕ್ಷಿಣೆ ನನಗೆ ಹೊಸದೇನಲ್ಲ. ನಮ್ಮಲ್ಲಿಯೂ ಪೂಜೆಯ ಕೊನೆಗೆ ಕೈಮುಗಿದು ಮೂರು ಸುತ್ತು ತಿರುಗುತ್ತೇವೆ. ಅದನ್ನು ಅವರವರು ಅವರವರ ಪಾಡಿಗೆ ಮಾಡುತ್ತಾರೆ, ಒಬ್ಬ ತಿರುಗುತ್ತಿರುವಾಗ ಇನ್ನೊಬ್ಬ ಪಂಚೆ ಸರಿಮಾಡಿಕೊಳ್ಳುತ್ತಿರುತ್ತಾನೆ, ಯಾರ ಸುತ್ತು ಯಾವಾಗ ಮುಗಿಯಿತೆಂದು ಯಾರೂ ಎಣಿಸುವುದಿಲ್ಲ.

ಈ ಮುಜುಗರವನ್ನು ಹೇಳಿಕೊಂಡಾಗ ಸ್ನೇಹಿತರು ಮೊದಲು ಕೇಳುವುದು, ನಿನಗೆ ದೇವರಲ್ಲಿ ನಂಬಿಕೆಯಿಲ್ಲವೇ ಎಂದು. ನನ್ನ ನಂಬಿಕೆ ಮಲೆನಾಡಿನ ಕರೆಂಟಿನ ಹಾಗೆ, ಬರುತ್ತದೆ, ಹೋಗುತ್ತದೆ. ಅದು ಇಲ್ಲದ ದಿನಗಳಲ್ಲಿಯೂ ಸಾಗರದ ಹತ್ತಿರದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದೊಳಗೆ ಹೋಗಿ ನಿಲ್ಲಲು ನನಗೆ ಯಾವ ಸಂಕೋಚವೂ ಆಗುವುದಿಲ್ಲ. ಒಳಗೆ ಅರ್ಚಕರು ತಮ್ಮ ಕೆಲಸ ಮಾಡುತ್ತಿರುತ್ತಾರೆ. ನಾನು ಕಲ್ಲಿನ ಕಂಬವೊಂದರ ಪಕ್ಕ ನಿಂತಿರುತ್ತೇನೆ. ಗಂಟೆ ಬಾರಿಸಿದಾಗ ಕೈಮುಗಿಯುತ್ತೇನೆ. ಮಂಗಳಾರತಿ ಬಂದರೆ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ತೀರ್ಥಕ್ಕೆ ಅಂಗೈ ಒಡ್ಡುತ್ತೇನೆ. ಇಷ್ಟರಲ್ಲಿ ನನ್ನ ಭಕ್ತಿ ಎಷ್ಟೆಂದು ಬಹಿರಂಗವಾಗಿ ಅಳೆಯುವ ಪ್ರಸಂಗ ಒಂದೂ ಬರುವುದಿಲ್ಲ. ಮನಸ್ಸು ದೇವರಲ್ಲಿದ್ದರೂ ಆಯಿತು, ಬಾಗಿಲಲ್ಲಿ ಬಿಟ್ಟ ಚಪ್ಪಲಿಯಲ್ಲಿದ್ದರೂ ಆಯಿತು. ಆದ್ದರಿಂದ ನನ್ನ ಇರಿಸುಮುರಿಸು ನಂಬಿಕೆಗೆ ಸಂಬಂಧಿಸಿದ್ದಲ್ಲವೆಂದು ನನಗೆ ಅನ್ನಿಸಿದೆ. ನಮ್ಮ ಪೂಜೆಯಲ್ಲಿ ಸುಮ್ಮನೆ ನೋಡುವವನಿಗೂ ಒಂದು ಜಾಗವಿದೆ. ಇಲ್ಲಿನ ಆರತಿಯಲ್ಲಿ ಆ ಜಾಗವಿಲ್ಲ, ಬಂದವರೆಲ್ಲರೂ ಹಾಡುವವರೇ.

ಹಾಡಿನ ವಿಷಯದಲ್ಲಿ ಇನ್ನೊಂದು ಮಾತಿದೆ. ನಮ್ಮ ಮನೆಗಳಲ್ಲಿ ಆರತಿಯ ಹಾಡು ಹೆಂಗಸರದಾಗಿತ್ತು. ಅಜ್ಜಿಯೋ ಅತ್ತೆಯೋ ಹಾಡು ಎತ್ತಿಕೊಂಡರೆ ಮತ್ತೊಬ್ಬರು ದನಿಗೂಡಿಸುತ್ತಿದ್ದರು. ಗಂಡಸರ ಪಾಲಿಗೆ ಬರುತ್ತಿದ್ದದ್ದು ಜಾಗಟೆ, ಅದೂ ಇಲ್ಲದಿದ್ದರೆ ಮೌನ. ಇಲ್ಲಿ ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು, ರಿಕ್ಷಾ ಓಡಿಸುವವರು, ಮೀಸೆ ತಿರುವುವ ಕಾಲೇಜು ಹುಡುಗರು ಎಲ್ಲರೂ ಹೆಂಗಸರಿಗಿಂತ ಒಂದು ಪಟ್ಟು ಜೋರಾಗಿಯೇ ಹಾಡುತ್ತಾರೆ. ದೇವರೆದುರು ದನಿಯೆತ್ತಿ ಹಾಡಿದ ಗಂಡಸರನ್ನು ನಾನು ಊರಿನಲ್ಲಿ ಕಂಡದ್ದು ಏಕಾದಶಿಯ ಭಜನೆಯಲ್ಲಿ ಮಾತ್ರ. ಆದರೆ ಭಜನೆಯ ಏರ್ಪಾಡೇ ಬೇರೆ. ಅಲ್ಲಿ ಒಬ್ಬರು ಒಂದು ಸೊಲ್ಲು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಹೊಸಬನಿಗೆ ಬೇಕಾದ ಸಾಲು ಅವನ ಬಾಯಿಗೆ ಬರುವ ಮುಂಚೆ ಕಿವಿಗೆ ಬಂದಿರುತ್ತದೆ. ಒಂದು ಪದ ಜಾರಿದರೂ ಮುಂದಿನ ಆವರ್ತದಲ್ಲಿ ಹಿಡಿಯಬಹುದು. ಮರಾಠಿ ಆರತಿಯಲ್ಲಿ ಹೇಳಿಕೊಡುವವರು ಇಲ್ಲ. 17ನೇ ಶತಮಾನದ ಸಮರ್ಥ ರಾಮದಾಸರದೆಂದು ಹೇಳುವ ಗಣಪತಿಯ ಆರತಿಯಿಂದ ಹಿಡಿದು ಶಂಕರನದು, ದೇವಿಯದು, ವಿಠೋಬನದು ಎಲ್ಲವೂ ಬಾಯಿಪಾಠವಾಗಿರಬೇಕು, ಏಕೆಂದರೆ ಅವರಿಗೆಲ್ಲ ಅವು ಮಾತು ಕಲಿಯುವಾಗಲೇ ಬಂದವು. ವಿಠೋಬನ ಆರತಿಯಲ್ಲಿ ಒಂದು ಕಡೆ ಸ್ವರವನ್ನು ಉಸಿರು ಕಟ್ಟುವವರೆಗೆ ಎಳೆಯುವ ವಾಡಿಕೆಯಿದೆ. ಹುಡುಗರು ಪಂದ್ಯ ಕಟ್ಟಿದವರಂತೆ ಎಳೆಯುತ್ತಾರೆ. ಅದೆಲ್ಲಿ ನಿಲ್ಲುತ್ತದೆಂದು ಹೊರಗಿನವನಿಗೆ ಗೊತ್ತಾಗುವುದು ಎಲ್ಲರೂ ನಿಲ್ಲಿಸಿ ತಾನೊಬ್ಬನೇ ಎಳೆಯುತ್ತಿರುವಾಗ.

ಭಾಷೆಯೂ ಒಂದು ಕಾರಣವೆಂದು ನಾನು ತಿಳಿದಿದ್ದೆ, ಆದರೆ ತಲೆಕೆಳಗಾದ ಕಾರಣ. ಪುರೋಹಿತರು ಸಂಸ್ಕೃತದಲ್ಲಿ ಹೇಳುವ ಸಂಕಲ್ಪದಲ್ಲಿ ನಾನು ಏನೇನು ಬೇಡಿಕೊಂಡೆನೆಂಬುದು ನನಗೆ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ‘ಮಮ’ ಎನ್ನಲು ಹಿಂಜರಿಕೆಯೂ ಇರಲಿಲ್ಲ. ಮರಾಠಿಯ ಆರತಿ ಅರ್ಥವಾಗುತ್ತದೆ. ಪ್ರೀತಿಯಿಂದ ನಿನ್ನನ್ನು ಅಪ್ಪಿಕೊಳ್ಳುತ್ತೇನೆ ಎಂಬ ಸಾಲನ್ನು, ಪಕ್ಕದಲ್ಲಿ ಆಫೀಸಿನ ಸಹೋದ್ಯೋಗಿ ನಿಂತಿರುವಾಗ, ಅರ್ಥ ತಿಳಿದು ಬಾಯಿಬಿಟ್ಟು ಹೇಳಬೇಕಾದರೆ ಒಂದೋ ಅದು ನಿಜವಾಗಿರಬೇಕು, ಇಲ್ಲವೇ ಚಿಕ್ಕಂದಿನಿಂದ ಹೇಳಿ ಹೇಳಿ ಅರ್ಥ ಸವೆದಿರಬೇಕು. ನನಗೆ ಎರಡೂ ಇಲ್ಲ. ಅದೇ ಪದ ಮುಂದೆ ‘ತ್ವಮೇವ ಮಾತಾ’, ‘ಕಾಯೇನ ವಾಚಾ’ ಎಂದು ಸಂಸ್ಕೃತಕ್ಕೆ ಹೊರಳಿದೊಡನೆ ನನಗೆ ಧೈರ್ಯ ಬರುತ್ತದೆ. ಬೇರೆಯವರಿಗಿಂತ ದೊಡ್ಡ ದನಿಯಲ್ಲಿ ಹೇಳುತ್ತೇನೆ. ಬಹುಶಃ ಅಷ್ಟು ಹೊತ್ತು ಸುಮ್ಮನಿದ್ದದ್ದರ ಬಡ್ಡಿ.

ಆದರೆ ನನ್ನನ್ನು ನಿಜವಾಗಿ ಕಸಿವಿಸಿಗೊಳಿಸಿದ್ದು ಕೊನೆಗೆ ಬರುವ ಮಂತ್ರಪುಷ್ಪಾಂಜಲಿ. ಕೈಯಲ್ಲಿ ಹೂವಿನ ಎಸಳು ಹಿಡಿದು ಅಲ್ಲಿದ್ದವರೆಲ್ಲರೂ, ಹೆಂಗಸರು, ಮಕ್ಕಳು, ವಾಚ್‌ಮನ್, ‘ಯಜ್ಞೇನ ಯಜ್ಞಮಯಜಂತ’ ಎಂದು ವೇದಮಂತ್ರವನ್ನು ಒಕ್ಕೊರಲಿನಿಂದ ಹೇಳಿದಾಗ ನಾನು ಬೆಚ್ಚಿದ್ದೆ. ನಮ್ಮ ಮನೆಯಲ್ಲಿ ಅದು ವೈದಿಕರ ಬಾಯಿಯಿಂದ, ಸ್ವರ ತಪ್ಪದಂತೆ ಬರಬೇಕಾದದ್ದು. ನಾವು ಅಕ್ಷತೆ ಹಿಡಿದು ಕಾಯುವವರು. ಮನಸ್ಸಿನೊಳಗೆ ಮೊದಲು ಎದ್ದ ಮಾತು ‘ಇದು ಅಪಚಾರ’ ಎಂಬುದು. ಅದನ್ನು ಇಂದು ಬರೆಯುವಾಗ ನಾಚಿಕೆಯಾಗುತ್ತದೆ. ಮೂರನೆಯ ಮಹಡಿಯ ಮನೆಕೆಲಸದ ಹೆಂಗಸಿನ ಮಗಳು ‘ರಾಜಾಧಿರಾಜಾಯ’ ಎಂಬಲ್ಲಿ ಒಂದಕ್ಷರವೂ ತಪ್ಪದೆ ಹೇಳುತ್ತಿದ್ದಳು. ವೇದವನ್ನು ಮನೆಯ ಸೊತ್ತೆಂದು ತಿಳಿದ ನನಗೆ ಅರ್ಧಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಸಂಕೋಚವೆಂದು ನಾನು ಹೆಸರಿಟ್ಟುಕೊಂಡಿದ್ದರಲ್ಲಿ ಸ್ವಲ್ಪ ಭಾಗ ಶುದ್ಧ ಜಂಬವಾಗಿತ್ತು.

ಸೇರಿ ಹಾಡುವ ಆರತಿ ಇಲ್ಲಿನ ಮನೆಗಳಲ್ಲಿ ಹಿಂದಿನಿಂದಲೂ ಇದ್ದದ್ದೇ. ಆದರೆ ಗಣೇಶೋತ್ಸವ ಬೀದಿಗೆ ಬಂದ ರೀತಿಯಲ್ಲಿ ಮತ್ತೊಂದು ಉದ್ದೇಶವೂ ಇತ್ತು. 1893ರಲ್ಲಿ ಬಾಲಗಂಗಾಧರ ಟಿಳಕರು ಅದನ್ನು ಸಾರ್ವಜನಿಕ ಉತ್ಸವವಾಗಿ ಬೆಳೆಸಲು ಹೊರಟಾಗ ಬೇಕಿದ್ದದ್ದು ಜನ ಒಂದಾಗಿ ಸೇರುವುದು. ಆ ಕಾಲದ ಮೇಳಗಳು ಬೀದಿಯಲ್ಲಿ ಹಾಡುತ್ತ ಹೋಗುತ್ತಿದ್ದವು, ದೇವರ ಹಾಡಿನ ಜೊತೆಗೆ ರಾಜಕೀಯವೂ ಇರುತ್ತಿತ್ತು. ಗುಂಪಿಗೆ ದನಿ ಕೊಡುವುದಕ್ಕೆಂದೇ ಬೆಳೆಸಿದ ಹಬ್ಬದಲ್ಲಿ ಮೂಕನಾಗಿ ನಿಲ್ಲುವವನಿಗೆ ಜಾಗ ಕಡಿಮೆಯೆಂದರೆ ದೂರುವಂತಿಲ್ಲ. ನಾವು ಕನ್ನಡಿಗರು ಹಬ್ಬವನ್ನು ಸಾರ್ವಜನಿಕ ಮಾಡಿದಾಗ ಹಿಡಿದ ದಾರಿ ಹೆಚ್ಚಾಗಿ ವೇದಿಕೆಯದು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಆವರಣದ ರಾಮನವಮಿಯನ್ನೇ ನೋಡಿ. 1939ರಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಳಿಯ ಆ ಉತ್ಸವಕ್ಕೆ ಜನ ಹೋಗುವುದು ಕಛೇರಿ ಕೇಳುವುದಕ್ಕೆ. ಗಣಪತಿ ಕೂರಿಸಿದರೂ ಪಕ್ಕದಲ್ಲೊಂದು ಆರ್ಕೆಸ್ಟ್ರಾ ಇಡುತ್ತೇವೆ. ರಾಮನಿಗೂ ಗಣಪನಿಗೂ ನಾವು ಸಭಿಕರಾಗಿಯೇ ಸೇವೆ ಸಲ್ಲಿಸುವವರು, ಹೆಚ್ಚೆಂದರೆ ತೊಡೆಯ ಮೇಲೆ ತಾಳ ಹಾಕುತ್ತೇವೆ.

ಹಾಗೆಂದು ನಮ್ಮ ಕ್ರಮವೇ ಸಭ್ಯವಾದದ್ದು ಎನ್ನಲು ನನ್ನ ಬಾಯಿ ಬಾರದು. ಕಂಬದ ಪಕ್ಕ ನಿಲ್ಲುವುದು ನನಗೆ ಆಯ್ಕೆಯಾಗಿತ್ತು, ಏಕೆಂದರೆ ಕಂಬದವರೆಗೆ ಹೋಗಲು ನನ್ನನ್ನು ಯಾರೂ ತಡೆಯಲಿಲ್ಲ. ಉಡುಪಿಯ ಕನಕನ ಕಿಂಡಿಯನ್ನು ನೋಡುವಾಗ ನಾವೆಲ್ಲ ದೇವರು ತಿರುಗಿದ ಐತಿಹ್ಯವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಆ ಕಥೆಯಲ್ಲಿ ಒಬ್ಬ ಭಕ್ತನನ್ನು ಹೊರಗೆ ನಿಲ್ಲಿಸಲಾಗಿತ್ತು ಎಂಬುದರ ಮೇಲೆ ಕಣ್ಣು ಅಷ್ಟು ಹೊತ್ತು ನಿಲ್ಲುವುದಿಲ್ಲ. ಒಬ್ಬರೇ ಪೂಜೆ ಮಾಡಿ ಉಳಿದವರು ನೋಡುವ ಕ್ರಮ ನನ್ನಂಥ ಅರೆಮನಸ್ಸಿನವನಿಗೆ ನೆರಳಾಯಿತು, ಪೂರ್ಣಮನಸ್ಸಿದ್ದ ಎಷ್ಟೋ ಜನರಿಗೆ ಗೋಡೆಯಾಯಿತು. ಪಾರ್ಕಿಂಗಿನ ಗಣಪತಿಯೆದುರು ಅಂಥ ಗೋಡೆ ನನಗೆ ಕಂಡಿಲ್ಲ. ಪೂಜೆಯನ್ನು ಅರ್ಚಕನ ಕೈಯಿಂದ ಬಿಡಿಸಿ ಇಷ್ಟಲಿಂಗವಾಗಿ ಪ್ರತಿಯೊಬ್ಬರ ಅಂಗೈಗೆ ತಂದ ಶರಣರ ನಾಡಿನವನಾಗಿ ನಾನು ಇದನ್ನು ಪುಣೆಗೆ ಬಂದು ಕಲಿಯಬೇಕಾಯಿತೇ ಎಂದು ಕೇಳಿಕೊಂಡದ್ದುಂಟು. ಈಗೀಗ ನಮ್ಮ ಮಠಗಳಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆಯೂ ನಡೆಯುತ್ತದೆ, ನೂರಾರು ಜನ ಸಾಲಾಗಿ ಕುಳಿತು ಮೈಕಿನಿಂದ ಬರುವ ಸೂಚನೆಯಂತೆ ಮಾಡುತ್ತಾರೆ. ಆದರೂ ಅಲ್ಲಿ ಪ್ರತಿಯೊಬ್ಬರ ದೃಷ್ಟಿಯೂ ತನ್ನ ಅಂಗೈಯಲ್ಲಿರುತ್ತದೆ, ಪಕ್ಕದವನ ತುಟಿಯ ಮೇಲಲ್ಲ.

ಮಹಾರಾಷ್ಟ್ರದವರಿಗೆ ಅಂಚಿನ ಬೆಲೆ ಗೊತ್ತಿಲ್ಲವೆಂದು ನಾನು ಬಹಳ ಕಾಲ ವಾದಿಸುತ್ತಿದ್ದೆ. ಆಷಾಢದ ವಾರಿ, ಅಂದರೆ ಪಂಢರಪುರದ ಪಾದಯಾತ್ರೆ, ಆ ವಾದವನ್ನು ಮುರಿಯಿತು. ದೇಹುವಿನಿಂದ ತುಕಾರಾಮರ, ಆಳಂದಿಯಿಂದ ಜ್ಞಾನೇಶ್ವರರ ಪಾಲಕಿಗಳು ಪಂಢರಪುರಕ್ಕೆ ಹೋಗುವಾಗ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತವೆ. ಸುಮಾರು 250 ಕಿಲೋಮೀಟರಿನ ನಡಿಗೆ, ಲಕ್ಷಾಂತರ ವಾರಕರಿಗಳು. ಅವರು ಹೋಗುವುದು, ಜ್ಞಾನೇಶ್ವರರೇ ಅಭಂಗವೊಂದರಲ್ಲಿ ‘ಕಾನಡಾ’ ಎಂದು ಕರೆದ ವಿಠ್ಠಲನನ್ನು ನೋಡಲು. (ಇದನ್ನು ಹೇಳದೆ ಪುಣೆಯ ಯಾವ ಕನ್ನಡಿಗನೂ ಮಾತು ಮುಗಿಸುವುದಿಲ್ಲ, ನಾನೂ ಹೇಳಿದೆ.) ಮೊದಲ ಸಲ ನಾನು ಹೋದದ್ದು ರಸ್ತೆ ಬಂದ್ ಆಗಿ ಮನೆಗೆ ಬರಲಾಗದೆ. ಪಾದಚಾರಿ ಕಟ್ಟೆಯ ಮೇಲೆ ನಿಂತೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು, ಕೊರಳಲ್ಲಿ ಮೃದಂಗ, ಕೈಯಲ್ಲಿ ತಾಳ, ಮಳೆಗೆ ಹೊದ್ದ ಪ್ಲಾಸ್ಟಿಕ್ ಹಾಳೆಯ ಸರಬರ ಸದ್ದು. ನನ್ನ ಪಕ್ಕದಲ್ಲಿ ಜನ ಏನೇನೋ ಮಾಡುತ್ತಿದ್ದರು: ಒಬ್ಬರು ನೀರು ಕೊಡುತ್ತಿದ್ದರು, ಇಬ್ಬರು ಹುಡುಗರು ವಾರಕರಿಗಳ ಹರಿದ ಚಪ್ಪಲಿ ಹೊಲಿಸಿಕೊಡುತ್ತಿದ್ದರು, ಮತ್ತೊಬ್ಬರು ಬಗ್ಗಿ ಕಾಲಿಗೆ ನಮಸ್ಕರಿಸುತ್ತಿದ್ದರು, ಹಲವರು ಕೈಕಟ್ಟಿ ನೋಡುತ್ತಿದ್ದರು. ಯಾರೂ ಯಾರನ್ನೂ ಹಾಡಲು ಕರೆಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ನಾನೂ ಇಳಿದು ವಾರಕರಿಗಳ ಒಂದು ದಿಂಡಿಯ, ಎಂದರೆ ಹಾಡುತ್ತ ನಡೆಯುವ ಗುಂಪಿನ, ಹಿಂದೆ ಮುಂದಿನ ಸಿಗ್ನಲ್ಲಿನವರೆಗೆ ನಡೆದೆ, ಅಲ್ಲಿಂದ ಇನ್ನೊಂದು ಸಿಗ್ನಲ್ಲಿಗೆ. ತುಟಿ ಅಲ್ಲಾಡಿಸಲಿಲ್ಲ. ನಡೆಯುವವನ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರಿಗೂ ಕಾಣುವುದು ಮುಂದಿನವನ ಬೆನ್ನು. ಹಾಗಾದರೆ ನನಗೆ ಆಗದಿರುವುದು ಮರಾಠಿಯ ಕ್ರಮವಲ್ಲ. ಮೂವತ್ತು ಜನರ, ಎಲ್ಲರೂ ಎಲ್ಲರಿಗೂ ಕಾಣುವ ಆ ಅರ್ಧವರ್ತುಲ. ಅಂಥದ್ದು ಕನ್ನಡದಲ್ಲಿ ನಡೆದರೂ ನನಗೆ ಕಷ್ಟವೇ. ಇಲ್ಲಿನ ಕನ್ನಡಿಗರು ಸೇರಿ ಮಾಡಿದ ಸತ್ಯನಾರಾಯಣ ಪೂಜೆಯೊಂದರಲ್ಲಿ, ಎಲ್ಲರೂ ಸೇರಿ ಹಾಡಲೇಬೇಕೆಂದು ಯಾರೋ ಉತ್ಸಾಹದಿಂದ ಹಾಳೆ ಹಂಚಿದಾಗ, ನಾನು ಚಪ್ಪಲಿ ಬಿಟ್ಟ ಕಡೆಗೆ ಎರಡು ಸಲ ನೋಡಿದ್ದೆ.

ಸಾಮೂಹಿಕ ಪೂಜೆ ನಡೆಸುವವರ ಮೇಲೆ ನನಗೆ ಒಂದೇ ಒಂದು ತಕರಾರು ಉಳಿದಿದೆ. ಹಿಂದೆ ನಿಂತವನನ್ನು ಕಂಡರೆ ಅವರಿಗೆ ಕರುಣೆ ಉಕ್ಕುತ್ತದೆ. ‘ಯಾಕೆ ಅಲ್ಲಿ ನಿಂತಿರಿ, ಮುಂದೆ ಬನ್ನಿ’ ಎಂದು ಕೈಹಿಡಿದು ಎಳೆಯುತ್ತಾರೆ. ಅದರಲ್ಲಿ ಕಪಟವಿಲ್ಲ, ಎಳೆಯದೆ ಬಿಟ್ಟರೆ ಹೊರಗಿನವನೆಂದು ಬಗೆದಂತಾಗುತ್ತದೆ ಎಂಬ ಅಳುಕು ಅವರದು. ಆದರೆ ಹಿಂದೆ ನಿಂತವನು ಹೊರಗೆ ನಿಂತಿಲ್ಲ. ಅವನು ಬಂದಿದ್ದಾನೆ, ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡಿದ್ದಾನೆ, ಮುಗಿಯುವವರೆಗೂ ನಿಲ್ಲುತ್ತಾನೆ.

ನಾಲ್ಕು ವರ್ಷದ ಹಿಂದೆ ನಾನು ಸೊಸೈಟಿಯ ಕಾರ್ಯದರ್ಶಿಯವರಿಗೆ ಹಾಡಲು ಬಾರದೆಂದು ನೇರವಾಗಿಯೇ ಹೇಳಿ ಗಂಟೆಯ ಕೆಲಸ ಕೇಳಿ ಪಡೆದೆ. ಗಂಟೆಗೆ ಸಾಹಿತ್ಯವಿಲ್ಲ. ಲಯವಿದೆಯೆಂಬುದು ಆಮೇಲೆ ಗೊತ್ತಾಯಿತು. ನಾನು ಜಾಗಟೆಯ ರೂಢಿಯಲ್ಲಿ ಒಂದೇ ಸಮನೆ ಬಾರಿಸುತ್ತಿದ್ದರೆ ತಾಳದ ಹುಡುಗರು ಕಣ್ಣಲ್ಲೇ ಗದರುತ್ತಿದ್ದರು. ಈಗ ಸುಧಾರಿಸಿದ್ದೇನೆ. ಕಳೆದ ಚೌತಿಯಂದು, ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು, ಯಾವ ರಾಜ್ಯದವರೋ ನನಗಿನ್ನೂ ಗೊತ್ತಿಲ್ಲ, ಲಿಫ್ಟಿನ ಪಕ್ಕದ ಕಂಬಕ್ಕೆ ಆತುಕೊಂಡು ನಿಂತಿದ್ದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕಟ್ಟುತ್ತಿದ್ದರು, ಒಮ್ಮೆ ಬಿಡುತ್ತಿದ್ದರು. ತಾಳದ ಜೋಡಿಯೊಂದನ್ನು ಹಿಡಿದು ಅವರತ್ತ ಉತ್ಸಾಹದಿಂದ ಹೊರಟಿದ್ದ ಹುಡುಗನನ್ನು ನಾನು ಕರೆದು, ಕರ್ಪೂರ ಮುಗಿಯುತ್ತಾ ಬಂತು, ಮೇಲಿಂದ ಇನ್ನೊಂದು ಪೊಟ್ಟಣ ತಾ ಎಂದು ಕಳಿಸಿದೆ.