ಸೆಟಪ್‌ಗೆ ಡ್ರೈವ್ ಕಾಣಲಿಲ್ಲ ಅಂದರೆ ಡ್ರೈವ್ ಹೋಯ್ತು ಅಂತಲ್ಲ

ವಿಂಡೋಸ್ 7 ಹಾಕುವಾಗ ಬರುತ್ತಿದ್ದ 'ಸಿಡಿ/ಡಿವಿಡಿ ಡ್ರೈವರ್ ಇಲ್ಲ' ಅನ್ನುವ ಮೆಸೇಜಿನಷ್ಟು ದಾರಿ ತಪ್ಪಿಸುವಂಥದ್ದನ್ನು ನಾನು ಬೇರೆ ನೋಡಿಲ್ಲ. ನೀವು ಪೆನ್‌ಡ್ರೈವ್ ಚುಚ್ಚಿರುತ್ತೀರಿ, ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವೇ ಇರುವುದಿಲ್ಲ. ಸೆಟಪ್ ಮಾತ್ರ ಸಿಡಿ ಡ್ರೈವರ್ (ಸಿಡಿ ಡ್ರೈವನ್ನು ಓದಲು ವಿಂಡೋಸಿಗೆ ಬೇಕಾದ ಪ್ರೋಗ್ರಾಮ್) ಕೊಡು ಅನ್ನುತ್ತದೆ. ಅಲ್ಲಾ, ಬೂಟ್ ಆಗಿದ್ದೇ ಆ ಪೆನ್‌ಡ್ರೈವಿಂದ ಅಲ್ವಾ? ಈಗ ಅದೇ ಕಾಣಿಸ್ತಿಲ್ಲ ಅಂದ್ರೆ?

ಕಾರಣ ಇದೆ. ಶುರುವಿನಲ್ಲಿ ಪೆನ್‌ಡ್ರೈವನ್ನು ಓದುವುದು ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮದರ್‌ಬೋರ್ಡಿನ ಪ್ರೋಗ್ರಾಮ್. ಅದು ಪುಟ್ಟದೊಂದು ವಿಂಡೋಸನ್ನು ಮೆಮೊರಿಗೆ ಹಾಕಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮುಂದೆ ಆ ಪುಟ್ಟ ವಿಂಡೋಸ್ ತನ್ನದೇ ಡ್ರೈವರ್‌ನಿಂದ ಪೋರ್ಟನ್ನು ಓದಬೇಕು. 2009ರ ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಇರಲೇ ಇಲ್ಲ. ಹಾಗಾಗಿ ನೀಲಿ ಬಣ್ಣದ 3.0 ಪೋರ್ಟಿಗೆ ಚುಚ್ಚಿದ್ದು ನಡುವೆಯೇ ಮಾಯ. ಕಿತ್ತು 2.0 ಪೋರ್ಟಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತಿತ್ತು. 2015ರಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರಿನ ಬೋರ್ಡುಗಳು ಬಂದವು, ಪೋರ್ಟುಗಳನ್ನು ನಡೆಸುವ ಹಳೇ ಯುಎಸ್‌ಬಿ ಕಂಟ್ರೋಲರನ್ನೇ ತೆಗೆದುಹಾಕಿದರು. ಆಗ ಯಾವ ಪೋರ್ಟಿಗೆ ಹಾಕಿದರೂ ಅಷ್ಟೇ, ಯುಎಸ್‌ಬಿ ಕೀಬೋರ್ಡ್ ಮೌಸ್ ಕೂಡ ಸತ್ತಂತೆ. ಡ್ರೈವರನ್ನು ಮೊದಲೇ ಸೆಟಪ್ ಫೈಲುಗಳೊಳಗೆ ಸೇರಿಸಿಕೊಂಡು ಬರಬೇಕಾಯಿತು.

ಐಎಸ್‌ಒ (ಇಡೀ ಸೆಟಪ್ ಡಿಸ್ಕಿನ ಪ್ರತಿ ಇರುವ ಫೈಲ್) ಅರ್ಧಂಬರ್ಧ ಡೌನ್‌ಲೋಡ್ ಆಗಿದ್ದರೂ, ಡಿವಿಡಿ ಸರಿಯಾಗಿ ಬರ್ನ್ ಆಗದಿದ್ದರೂ ಇದೇ ಮೆಸೇಜು ಬರಬಹುದು. ಎಲ್ಲಾ ಜ್ವರಕ್ಕೂ ಒಂದೇ ಮಾತ್ರೆ ಕೊಡುವ ಡಾಕ್ಟರ್ ಥರ!

ಈಗಿನ ಕಥೆ ಬೇರೆ, ಬೇರು ಅದೇ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ಸೆಟಪ್ ಡ್ರೈವ್ ಪಟ್ಟಿಯನ್ನು ಖಾಲಿ ತೋರಿಸುತ್ತದೆ. ಎಸ್‌ಎಸ್‌ಡಿ ಹೋಯ್ತು ಅಂತ ಗಾಬರಿಯಾಗಿ ಹೊಸದಕ್ಕೆ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೊರಡಬೇಡಿ. ಎಸ್‌ಎಸ್‌ಡಿ ವಿಎಂಡಿ ಅನ್ನುವ ಇಂಟೆಲ್ ಕಂಟ್ರೋಲರಿನ ಹಿಂದೆ ಕೂತಿರುತ್ತದೆ, ಸೆಟಪ್ ಹತ್ತಿರ ಅದರ ಡ್ರೈವರ್ ಇರುವುದಿಲ್ಲ, ಅಷ್ಟೇ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ವಿಎಂಡಿಗೆ ಬೇಕಾದದ್ದು ಇದೇ) ಇಳಿಸಿ, ಎಕ್ಸ್‌ಟ್ರಾಕ್ಟ್ ಮಾಡಿ, ಪೆನ್‌ಡ್ರೈವಿಗೆ ಹಾಕಿ. ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನೇ 'ಲೋಡ್ ಡ್ರೈವರ್'ನಲ್ಲಿ ತೋರಿಸಿ. ಎಕ್ಸ್‌ಟ್ರಾಕ್ಟ್ ಮಾಡದೆ ಬರೀ ಇಎಕ್ಸ್‌ಇ ಫೈಲ್ ಇಟ್ಟರೆ ಸೆಟಪ್‌ಗೆ ಗೊತ್ತಾಗಲ್ಲ.

ಬಯಾಸಿನಲ್ಲಿ ವಿಎಂಡಿ ಆಫ್ ಮಾಡಿ ಅಂತಲೂ ಜನ ಹೇಳುತ್ತಾರೆ. ಪೂರ್ತಿ ಹೊಸದಾಗಿ ಹಾಕುವವರಿಗೆ ಸರಿ. ಆದರೆ ಹಳೇ ವಿಂಡೋಸ್ ಉಳಿಸಿಕೊಳ್ಳಬೇಕು ಅಂದರೆ ಸುಮ್ನೆ ಮುಟ್ಟಬೇಡಿ, ಅದು ಬೂಟ್ ಆಗದೆ ನೀಲಿ ಸ್ಕ್ರೀನ್ ಬರಬಹುದು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೂಡ ಕೇಳಬಹುದು.

ನನ್ನ ಸಿಟ್ಟು ಇರುವುದು ಇಲ್ಲಿ. ಡ್ರೈವರ್ ಇಲ್ಲದಿದ್ದರೂ ಕಂಟ್ರೋಲರಿನ ಐಡಿಯನ್ನು ವಿಂಡೋಸ್ ಓದಬಲ್ಲದು. 'ಈ ಕಂಪನಿಯ ಈ ಕಂಟ್ರೋಲರಿಗೆ ಡ್ರೈವರ್ ಇಲ್ಲ' ಅಂತ ಒಂದು ಸಾಲು ಹಾಕಲು ಏನು ಕಷ್ಟ? ಎಕ್ಸ್‌ಪಿ ಕಾಲದಲ್ಲಿ ಸೆಟಪ್ ಶುರುವಿನಲ್ಲಿ ಎಫ್6 ಒತ್ತಿ ಡ್ರೈವರ್ ಇರುವ ಫ್ಲಾಪಿ ಕೊಡುತ್ತಿದ್ದೆವು. ಇವತ್ತಿಗೂ ಯಾವ ಡ್ರೈವರ್ ಅಂತ ನಾವೇ ಊಹಿಸಬೇಕು.

ಅಂದಹಾಗೆ, ಏನೂ ಮಾಡುವ ಮುಂಚೆ ಬಯಾಸಿನಲ್ಲಿ ಎಸ್‌ಎಸ್‌ಡಿ ಹೆಸರು ಇದೆಯಾ ನೋಡಿ. ಇದ್ದರೆ ಹೆಚ್ಚಾಗಿ ಡ್ರೈವರಿನದೇ ತಕರಾರು. ಅಲ್ಲೂ ಇಲ್ಲದಿದ್ದರೆ ಬಿಚ್ಚಿ ನೋಡಬೇಕು: ಸರಿಯಾಗಿ ಕೂತಿದೆಯಾ, ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಮಾತ್ರ ಹಿಡಿಯುವ ಸ್ಲಾಟಿಗೆ ಸಾಟಾ ಬಗೆಯದನ್ನು ಹಾಕಿಬಿಟ್ಟಿದ್ದಾರಾ ಅಂತ.